ಸೈಲೆನ್ಸರ್ ಕೊರೆದ ಚೈನ್‌ಸಾಗೆ ನಿಜಕ್ಕೂ ಪವರ್ ಬಂತಾ? ಮನೆಯಲ್ಲಿ ಮಾಡಿದ ಡೈನೋ ಲೆಕ್ಕ ಎಷ್ಟು ನಂಬಬಹುದು?

ಗರಗಸಿಗ:

ನನ್ನ ಹತ್ತಿರ 70 ಸಿಸಿಯ ಒಂದು ಚೈನ್‌ಸಾ ಇದೆ. ಅದಕ್ಕೆ ಎರಡು ಕೆಲಸ ಮಾಡಿದ್ದೇನೆ. ಸೈಲೆನ್ಸರ್ ಒಳಗಿನ ತಡೆ ತೆಗೆದು, ಹೊಗೆ ಹೋಗುವ ಕಿಂಡಿ ದೊಡ್ಡದು ಮಾಡಿದೆ. ಆಮೇಲೆ ಸಿಲಿಂಡರ್ ಕೆಳಗಿನ ಪ್ಯಾಕಿಂಗ್ ತೆಗೆದು, ಬರೀ ಸೀಲೆಂಟ್ ಹಚ್ಚಿ ಕೂರಿಸಿದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ತಲೆಯ ಅಂಚಿನಲ್ಲಿ ಉಳಿಯುವ ಸಂದು ಮೊದಲು 1 ಮಿ.ಮೀ. ಇತ್ತು, ಈಗ 0.5. ಪ್ಲಗ್ ತೂತಿನಿಂದ ಸಾಲ್ಡರ್ ತಂತಿ ಬಿಟ್ಟು, ಎಂಜಿನ್ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಕ್ಯಾಲಿಪರ್‌ನಲ್ಲಿ ಅಳೆದೆ.

ಕೈಯಲ್ಲಿ ಹಿಡಿದರೆ ಇದು ಬೇರೆ ಮೆಷಿನ್ನೇ ಅನ್ನಿಸುತ್ತದೆ. ಆದರೆ ಅನ್ನಿಸೋದನ್ನ ನಾನು ನಂಬಲ್ಲ. ಸದ್ದು ಜಾಸ್ತಿಯಾದರೆ ಸಾಕು, ಪವರ್ರೂ ಜಾಸ್ತಿಯಾಗಿದೆ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಲೋಡ್ ಇಲ್ಲದೆ ಫುಲ್ ರೇಸ್ ಕೊಟ್ಟು ಟ್ಯಾಕೋಮೀಟರ್ ತೋರಿಸುವವರನ್ನೂ ನಂಬಲ್ಲ. ಅಲ್ಲಿ ಬರುವ ಆರ್‌ಪಿಎಂ ಕಾರ್ಬೊರೇಟರ್ ಸ್ಕ್ರೂ ಮತ್ತು ಕಾಯಿಲ್‌ನ ಮಿತಿ ಹೇಳುತ್ತದೆಯೇ ಹೊರತು ಪವರ್ ಅಲ್ಲ.

ಅದಕ್ಕೇ ಒಂದು ಡೈನೋ, ಅಂದರೆ ಎಂಜಿನ್ನಿನ ಪವರ್ ಅಳೆಯುವ ಸಾಧನ, ಕಟ್ಟಿದೆ. 300 ಮಿ.ಮೀ. ಅಗಲ, 30 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಚಕ್ರ, ತೂಕ 16.6 ಕೆಜಿ. ಎರಡು ಬೇರಿಂಗ್ ಮೇಲೆ ಅದರ ಶಾಫ್ಟ್. ಮೆಷಿನ್‌ನ ಬಾರ್, ಚೈನ್ ಎರಡೂ ತೆಗೆದಿದ್ದೇನೆ. ಕ್ಲಚ್ ಡ್ರಮ್ ಮೇಲೆ ಸ್ಪ್ರಾಕೆಟ್ ಕೂರುವ ಜಾಗದಲ್ಲಿ 24 ಹಲ್ಲಿನ ಪುಲ್ಲಿ, ಚಕ್ರದ ಶಾಫ್ಟ್‌ಗೆ 72 ಹಲ್ಲಿನದು, ಮಧ್ಯೆ ಟೈಮಿಂಗ್ ಬೆಲ್ಟ್. ಎಂಜಿನ್ ಮೂರು ಸುತ್ತು ಹೋದರೆ ಚಕ್ರ ಒಂದು ಸುತ್ತು. ಚಕ್ರದ ಮೇಲೆ ಒಂದೇ ಒಂದು ಆಯಸ್ಕಾಂತ, ಎದುರಿಗೆ ಅದು ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್. ಪ್ರತಿ ಸುತ್ತಿಗೆ ಎಷ್ಟು ಸಮಯ ಹಿಡಿಯಿತು ಅಂತ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಬರೆದುಕೊಳ್ಳುತ್ತದೆ.

ಲೆಕ್ಕ ಗೊತ್ತಿರುವುದೇ. ಚಕ್ರದ ಜಡತ್ವ ಅಂದರೆ ತೂಕದ ಅರ್ಧ ಗುಣಿಸು ತ್ರಿಜ್ಯದ ವರ್ಗ, ನನ್ನದಕ್ಕೆ 0.187. ಅದನ್ನು ವೇಗ ಮತ್ತು ವೇಗ ಏರುವ ದರದಿಂದ ಗುಣಿಸಿದರೆ ಪವರ್. ಫುಲ್ ರೇಸ್ ಕೊಟ್ಟು, ಎಂಜಿನ್ 6000ದಿಂದ 10500 ಆರ್‌ಪಿಎಂಗೆ ಏರುವಷ್ಟನ್ನು ದಾಖಲಿಸುತ್ತೇನೆ.

ಬದಲಾವಣೆಗೆ ಮುಂಚೆ ಅತಿ ಹೆಚ್ಚು ಬಂದದ್ದು 3.3 ಕಿಲೋವ್ಯಾಟ್. ಈಗ 3.6. ಶೇಕಡಾ 9 ಏರಿಕೆ ಅಂತ ಖುಷಿಪಡೋಣ ಅಂದರೆ ಗ್ರಾಫ್ ನೆಟ್ಟಗಿಲ್ಲ. ಒಂದು ಬಿಂದು ಮೇಲೆ, ಮುಂದಿನದು ಕೆಳಗೆ. ಎಲ್ಲಿ ತುದಿ ಅಂತ ಗುರುತು ಹಾಕುವುದೇ ನನ್ನಿಷ್ಟ ಅನ್ನುವ ಹಾಗಿದೆ. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ಏನೂ ಮುಟ್ಟದೆ, ಅದೇ ಮೆಷಿನ್ ಬೆಳಗಿನ ತಂಪಿನಲ್ಲಿ 3.3 ತೋರಿಸಿದ್ದು ಮಧ್ಯಾಹ್ನ 3.1 ತೋರಿಸುತ್ತದೆ. ಹಾಗಾದರೆ ನನ್ನ ಆ 0.3ಕ್ಕೆ ಬೆಲೆ ಎಷ್ಟು? ಸೆನ್ಸರ್ ಬದಲಿಸಬೇಕಾ, ಅಥವಾ ಇದನ್ನೆಲ್ಲ ಬಿಟ್ಟು, ನೀರಿನ ತಡೆಯಿಂದ ಎಂಜಿನ್ನಿಗೆ ಲೋಡ್ ಕೊಟ್ಟು ಅಳೆಯುವ ನೀರಿನ ಬ್ರೇಕ್ ಡೈನೋ ಕಟ್ಟಬೇಕಾ?

ಲೇತ್‌ಮನೆ:

ಮೊದಲು ಒಳ್ಳೆ ಸುದ್ದಿ. ನಿಮ್ಮ ಚಕ್ರ ಚೆನ್ನಾಗಿದೆ, ಪುಲ್ಲಿಯ ಲೆಕ್ಕ ಚೆನ್ನಾಗಿದೆ, ಆಯಸ್ಕಾಂತ ಒಂದೇ ಹಾಕಿದ್ದು ಇನ್ನೂ ಚೆನ್ನಾಗಿದೆ. ನಾಲ್ಕು ಹಾಕಿದವರ ಪಾಡು ನೋಡಿದ್ದೇನೆ. ಅವುಗಳ ಮಧ್ಯದ ಅಂತರ ಕೂದಲೆಳೆ ಹೆಚ್ಚುಕಮ್ಮಿ ಆದರೂ ಗ್ರಾಫ್‌ನಲ್ಲಿ ಇಲ್ಲದ ಅಲೆ ಏಳುತ್ತದೆ.

ಈಗ ಏರುಪೇರಿನ ವಿಷಯ. ಚಕ್ರ 3000 ಆರ್‌ಪಿಎಂನಲ್ಲಿ ಇದ್ದಾಗ ಒಂದು ಸುತ್ತಿಗೆ 20,000 ಮೈಕ್ರೋಸೆಕೆಂಡ್. 3 ಕಿಲೋವ್ಯಾಟ್ ತಳ್ಳುತ್ತಿದ್ದರೆ ಮುಂದಿನ ಸುತ್ತು ಎಷ್ಟು ಬೇಗ ಮುಗಿಯುತ್ತದೆ ಗೊತ್ತಾ? ಬರೀ 65 ಮೈಕ್ರೋಸೆಕೆಂಡ್ ಬೇಗ. ನಿಮ್ಮ ಪವರ್ ಲೆಕ್ಕ ಪೂರ್ತಿ ನಿಂತಿರುವುದು ಆ 65ರ ಮೇಲೆ. 16 ಮೆಗಾಹರ್ಟ್ಸ್ ಆರ್ಡುಯಿನೋದಲ್ಲಿ ಮೈಕ್ರೋಸೆಕೆಂಡ್ ಎಣಿಸುವ ಮಾಮೂಲಿ ಫಂಕ್ಷನ್ 4ರ ಹೆಜ್ಜೆಯಲ್ಲಿ ಎಣಿಸುತ್ತದೆ. ಎರಡು ಸುತ್ತುಗಳ ತಪ್ಪು ಸೇರಿದರೆ ಶೇಕಡಾ 10ರಷ್ಟು ಏರುಪೇರು ಅಲ್ಲಿಂದಲೇ ಬಂತು. ಸೆನ್ಸರ್‌ನ ತಪ್ಪಿಲ್ಲ.

ಇದಕ್ಕೆ ಎರಡು ದಾರಿ. ಚಿಪ್‌ನ ಟೈಮರ್‌ಗೇ ಸೆನ್ಸರ್ ತಂತಿ ಕೊಟ್ಟು, ಸಿಗ್ನಲ್ ಬಂದ ಕ್ಷಣವನ್ನು ಚಿಪ್ ತಾನೇ ಬರೆದಿಡುವ ಇನ್‌ಪುಟ್ ಕ್ಯಾಪ್ಚರ್ ಬಳಸಿದರೆ ಅರ್ಧ ಮೈಕ್ರೋಸೆಕೆಂಡ್‌ವರೆಗೆ ಹಿಡಿಯಬಹುದು. ಅಥವಾ ಪಕ್ಕಪಕ್ಕದ ಸುತ್ತು ಹೋಲಿಸದೆ, ಹತ್ತು ಸುತ್ತು ಬಿಟ್ಟು ಹೋಲಿಸಿ. ಆಗ 65 ಇದ್ದದ್ದು 650ರ ಹತ್ತಿರ ಆಗುತ್ತದೆ, ತಪ್ಪು ಅಷ್ಟೇ ಇರುತ್ತದೆ.

ಆದರೆ ನನ್ನನ್ನು ಕೇಳಿದರೆ ಸದ್ಯಕ್ಕೆ ಗ್ರಾಫನ್ನೇ ಪಕ್ಕಕ್ಕಿಡಿ. ಚಕ್ರ 2000ದಿಂದ 3500ಕ್ಕೆ ಏರಲು ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವ ಒಂದೇ ಅಂಕಿ ತೆಗೆದುಕೊಳ್ಳಿ. ಆ ಎರಡು ವೇಗಗಳ ನಡುವೆ ನಿಮ್ಮ ಚಕ್ರ ನುಂಗುವ ಶಕ್ತಿ 8470 ಜೂಲ್. ಅದನ್ನು ಸೆಕೆಂಡ್‌ನಿಂದ ಭಾಗಿಸಿದರೆ ಸರಾಸರಿ ಪವರ್. 2.8 ಸೆಕೆಂಡ್ ಆದರೆ 3 ಕಿಲೋವ್ಯಾಟ್ ಚಿಲ್ಲರೆ. ಇದರಲ್ಲಿ ನಾಲ್ಕು ಮೈಕ್ರೋಸೆಕೆಂಡ್ ತಪ್ಪು ಲೆಕ್ಕಕ್ಕೇ ಬರಲ್ಲ. ತುದಿಯ ಪವರ್ ಎಷ್ಟು ಅಂತ ಹೇಳಿಕೊಳ್ಳುವುದಕ್ಕೆ ಚೆನ್ನ. ಮರ ಕೊಯ್ಯುವಾಗ ಎಂಜಿನ್ ಆ ತುದಿಯಲ್ಲೇ ನಿಂತಿರುತ್ತದಾ? ಇಲ್ಲ.

ಇದಕ್ಕೆ ಬೇರಿಂಗ್, ಬೆಲ್ಟ್, ಗಾಳಿ ತಿನ್ನುವ ಪಾಲನ್ನೂ ಸೇರಿಸಿ. ಪೂರ್ತಿ ವೇಗಕ್ಕೆ ಏರಿಸಿ ರೇಸ್ ಬಿಡಿ. ಎಂಜಿನ್ ಐಡಲ್‌ಗೆ ಇಳಿಯುತ್ತದೆ, ಕ್ಲಚ್ ಬಿಡುತ್ತದೆ, ಡ್ರಮ್ಮು ಬೆಲ್ಟು ಚಕ್ರ ತಾವೇ ತಿರುಗುತ್ತಿರುತ್ತವೆ. 3500ರಿಂದ 2000ಕ್ಕೆ ಇಳಿಯಲು ಎಷ್ಟು ಹೊತ್ತಾಯಿತು ನೋಡಿ. ಒಂದು ನಿಮಿಷ ಹಿಡಿದರೆ ನಷ್ಟ 140 ವ್ಯಾಟ್ ಅಂತ ಲೆಕ್ಕ. ಈ ಸಮಯ ದಿನದಿಂದ ದಿನಕ್ಕೆ ಬದಲಾದರೆ ಬೆಲ್ಟ್ ಬಿಗಿಯೋ ಬೇರಿಂಗೋ ಕೈಕೊಡುತ್ತಿದೆ ಅಂತ ಅರ್ಥ. ಮೆಷಿನ್ ಅಳೆಯುವ ಮುಂಚೆ ಡೈನೋವನ್ನೇ ಅಳೆದ ಹಾಗೆ.

ಇನ್ನೊಂದು ಮಾತು. ಎಂಜಿನ್ ಕಡೆಯ ಕ್ರ್ಯಾಂಕ್, ಮ್ಯಾಗ್ನೆಟ್ ವೀಲ್, ಕ್ಲಚ್‌ಗಳೂ ಜೊತೆಗೇ ವೇಗ ಪಡೆಯಬೇಕಲ್ಲ. ಮೂರಕ್ಕೆ ಒಂದು ಪುಲ್ಲಿ ಇರುವುದರಿಂದ ಅವುಗಳ ಜಡತ್ವ ನಿಮ್ಮ ಚಕ್ರದ ಕಡೆಗೆ ಒಂಬತ್ತು ಪಟ್ಟಾಗಿ ಕಾಣುತ್ತದೆ. ನೀವು ಅದನ್ನು ಸೇರಿಸಿಲ್ಲ, ಹಾಗಾಗಿ ನಿಮ್ಮ ಅಂಕಿ ನಿಜಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಮುಂಚೆಗೂ ಆಮೇಲಿಗೂ ಅದೇ ಕೊರತೆ ಇದ್ದರೆ ಶೇಕಡಾ ಏರಿಕೆಗೆ ತೊಂದರೆ ಇಲ್ಲ. ಆದರೆ ಮ್ಯಾಗ್ನೆಟ್ ವೀಲ್ ತುರಿದು ಹಗುರ ಮಾಡಿ ಇದೇ ಡೈನೋ ಮೇಲೆ ಇಟ್ಟರೆ ಪವರ್ ಬಂದ ಹಾಗೆ ತೋರಿಸುತ್ತದೆ. ಮರದಲ್ಲಿ ಅದರಿಂದ ಏನೂ ಸಿಗಲ್ಲ.

ಕೊನೆಗೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. 3500 ಆರ್‌ಪಿಎಂನಲ್ಲಿ ಆ ಚಕ್ರದಲ್ಲಿ ಇರುವುದು ಸುಮಾರು 12,500 ಜೂಲ್. ಒಂದು ಟನ್ ಕಾರು ಗಂಟೆಗೆ 18 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಎಷ್ಟೋ ಅಷ್ಟು. ಸುತ್ತ ದಪ್ಪ ತಗಡಿನ ಕವಚ ಬೇಕೇ ಬೇಕು, ಅದರ ನೇರಕ್ಕೆ ಯಾರೂ ನಿಲ್ಲಬಾರದು. ಉಕ್ಕು ಬಿಟ್ಟು ಬೀಡು ಕಬ್ಬಿಣದ ಜಿಮ್ ಪ್ಲೇಟ್ ಹಾಕುವ ಆಲೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಚಕ್ರ ನಿಲ್ಲಿಸಲು ಮೆಷಿನ್‌ನ ಚೈನ್ ಬ್ರೇಕ್ ಎಳೆಯಬೇಡಿ, ಆ ತೆಳು ಪಟ್ಟಿ ಸುಟ್ಟುಹೋಗುತ್ತದೆ. ಶಾಫ್ಟ್‌ಗೆ ಬೈಕಿನ ಡಿಸ್ಕ್ ಬ್ರೇಕ್ ಒಂದು ಹಾಕಿ.

ದಿಮ್ಮಿಕೊಯ್ಲು:

ಓದಿ ಖುಷಿಯಾಯಿತು, ಆದರೂ ಒಂದು ತಕರಾರು. ನಾವು ಕೊಯ್ಯುವುದು ಮರವನ್ನಾ ಉಕ್ಕಿನ ಚಕ್ರವನ್ನಾ?

ಒಂದು ದಿಮ್ಮಿ ತಗೊಳ್ಳಿ, ನಾಲ್ಕೂ ಕಡೆ ಚಚ್ಚೌಕ ಮಾಡಿ. ಹಳೆ ಸೈಲೆನ್ಸರ್‌ನಲ್ಲಿ ಒಂದು ಬಿಲ್ಲೆ, ಹೊಸದರಲ್ಲಿ ಒಂದು ಬಿಲ್ಲೆ, ಮತ್ತೆ ಹಳೆಯದು, ಹೀಗೆ ಸರದಿಯಲ್ಲಿ ಕೊಯ್ಯಿರಿ. ಸ್ಟಾಪ್‌ವಾಚ್ ಹಿಡಿಯಿರಿ. ನಿಮ್ಮ ಉತ್ತರ ಅಲ್ಲೇ ಸಿಕ್ಕಿತು. ಆರ್ಡುಯಿನೋ ಯಾಕೆ ಬೇಕು?

ಲೇತ್‌ಮನೆ:

ಸರದಿಯಲ್ಲಿ ಅನ್ನುವ ಮಾತು ಮುತ್ತಿನಂಥದ್ದು, ಅದನ್ನು ಡೈನೋಗೂ ತಗೋಬೇಕು. ಆದರೆ ಮರದ ಪರೀಕ್ಷೆಯಲ್ಲಿ ಒಂದು ಗಂಟು ಸಿಕ್ಕರೆ ಸಮಯ ಬೇರೆ. ದಿಮ್ಮಿಯ ತುದಿ ಒಣಗಿ ನಡು ಹಸಿಯಿದ್ದರೆ ಬೇರೆ. ಕೈ ಒತ್ತುವುದು ಸ್ವಲ್ಪ ಜಾಸ್ತಿಯಾದರೆ ಬೇರೆ. ಎಲ್ಲಕ್ಕಿಂತ ಮೇಲಾಗಿ ಚೈನ್. ಅರದ ಎರಡು ಎಳೆತ, ಹಲ್ಲು ತೀರಾ ಆಳ ಕಚ್ಚದಂತೆ ತಡೆಯುವ ಡೆಪ್ತ್ ಗೇಜ್ ಸ್ವಲ್ಪ ತಗ್ಗಿಸಿದ್ದು, ಇಷ್ಟರಿಂದ ಬರುವ ವ್ಯತ್ಯಾಸದ ಮುಂದೆ ಶೇಕಡಾ 9 ಪವರ್ ಎಲ್ಲಿ ಅಡಗಿ ಹೋಯಿತು ಅಂತ ಹುಡುಕಬೇಕು. ಮರ ಕಡೆಯ ತೀರ್ಪು ಕೊಡಲಿ, ಒಪ್ಪುತ್ತೇನೆ. ಸಣ್ಣ ಏರಿಕೆ ಹುಡುಕಲು ಮಾತ್ರ ಅದು ಒರಟು.

ಹಳೇಕಾರ್ಬ್:

ಎಲ್ಲರೂ ಚಕ್ರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಬೆಳಗ್ಗೆ 3.3, ಮಧ್ಯಾಹ್ನ 3.1 ಆಗಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಗಾಳಿ ಪ್ರತಿ 3 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 1 ತೆಳ್ಳಗಾಗುತ್ತದೆ. ಕಾರ್ ಎಂಜಿನ್‌ಗಳಿಗೆ ಬಳಸುವ, ಎಸ್‌ಎಇ ಅನ್ನುವ ವಾಹನ ಎಂಜಿನಿಯರ್‌ಗಳ ಸಂಸ್ಥೆಯ ಜೆ1349 ಅನ್ನುವ ಹವೆಯ ತಿದ್ದುಪಡಿ ಲೆಕ್ಕ ಇದೆ. ಅದು 25 ಡಿಗ್ರಿ, 990 ಮಿಲಿಬಾರ್ ಒಣಗಾಳಿಗೆ ಎಲ್ಲವನ್ನೂ ಹೊಂದಿಸುತ್ತದೆ. ಆ ಲೆಕ್ಕದಲ್ಲಿ 20 ಡಿಗ್ರಿಯಿಂದ 34 ಡಿಗ್ರಿಗೆ ಹೋದರೆ ಪವರ್ ಹತ್ತಿರಹತ್ತಿರ ಶೇಕಡಾ 3 ಇಳಿಯಬೇಕು. ನಿಮಗೆ ಇಳಿದದ್ದು 6. ಉಳಿದ 3 ಎಲ್ಲಿ ಹೋಯಿತು?

ಕಾರ್ಬೊರೇಟರ್‌ನಲ್ಲಿ. ಗಾಳಿ ತೆಳುವಾದಷ್ಟು ಪೆಟ್ರೋಲ್ ಕಡಿಮೆ ಮಾಡುವ ಬುದ್ಧಿ ಸ್ಕ್ರೂ ಇರುವ ಕಾರ್ಬೊರೇಟರ್‌ಗೆ ಇಲ್ಲ. ಬೆಳಗ್ಗೆ ಸರಿಯಾಗಿದ್ದ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಮಧ್ಯಾಹ್ನ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಜೊತೆಗೆ ಎಂಜಿನ್ ಒಳಗೇ ಕಾದು ಕೂತಿದ್ದರೆ ಒಳಗೆ ಬರುವ ಗಾಳಿ ಇನ್ನಷ್ಟು ಬಿಸಿ.

ಇನ್ನು ನಿಮ್ಮ 9 ಪರ್ಸೆಂಟ್ ಬಗ್ಗೆ ನನಗೆ ಅನುಮಾನ ಇರುವುದೂ ಇದೇ ಕಾರಣಕ್ಕೆ. ಸೈಲೆನ್ಸರ್ ತೆರೆದ ಕೂಡಲೇ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ, ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಕಾರ್ಖಾನೆಯಿಂದ ಬರುವ ಮೆಷಿನ್ ಸಾಮಾನ್ಯವಾಗಿ ಸ್ವಲ್ಪ ರಿಚ್ ಕಡೆಗೇ ಇರುತ್ತದೆ. ಅಂದರೆ ನಿಮಗೆ ಬಂದ ಏರಿಕೆಯಲ್ಲಿ ಕಿಂಡಿಯ ಪಾಲೆಷ್ಟು, ಬರೀ ಲೀನ್ ಆದದ್ದರ ಪಾಲೆಷ್ಟು? ಫುಲ್ ರೇಸ್‌ನಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸುವ ಎಚ್ ಸ್ಕ್ರೂ ಸ್ವಲ್ಪ ಬಿಗಿ ಮಾಡಿದ್ದರೆ ಹಳೆ ಸೈಲೆನ್ಸರ್‌ನಲ್ಲೂ ಒಂದಷ್ಟು ಬರುತ್ತಿತ್ತೇನೋ. ಲೀನ್ ಮಿಕ್ಸ್ಚರ್ ಪವರ್ ಕೊಡುತ್ತಾ ಕೊಡುತ್ತಾ ಹೋಗಿ ಒಮ್ಮೆಲೇ ಪಿಸ್ಟನ್ ಹಿಡಿಸುತ್ತದೆ. ಡೈನೋ ಅಂಕಿ ಮಾತ್ರ ನೋಡಿದರೆ ಸಾಯುವ ಮುಂಚಿನ ಎಂಜಿನ್ನೇ ಅತ್ಯುತ್ತಮ.

ಆದ್ದರಿಂದ ಹೀಗೆ ಮಾಡಿ. ಪ್ರತಿ ಜೋಡಣೆಗೂ ರಿಚ್ ಕಡೆಯಿಂದ ಶುರು ಮಾಡಿ. ಲೋಡ್ ಇಲ್ಲದೆ ಫುಲ್ ರೇಸ್ ಕೊಟ್ಟಾಗ ಸದ್ದು ಒಡೆದು ಬರ್‌ಬರ್ ಅನ್ನಬೇಕು. ಅದು ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಹೆಚ್ಚಾಗಿ ಸುತ್ತು ಬಿಟ್ಟು ಸುತ್ತು ಉರಿಯುವ, ಅಂದರೆ ಫೋರ್ ಸ್ಟ್ರೋಕ್ ಮಾಡುವ ಸದ್ದು. ಅಲ್ಲಿಂದ ಎಚ್ ಸ್ಕ್ರೂ ಎಂಟನೇ ಒಂದು ಸುತ್ತು ಬಿಗಿ ಮಾಡಿ, ಓಡಿಸಿ, ಸೆಕೆಂಡ್ ಬರೆದುಕೊಳ್ಳಿ. ಮತ್ತೆ ಎಂಟನೇ ಒಂದು. ಸಮಯ ಕಡಿಮೆಯಾಗುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ, ಮುಂದೆ ಹೋಗಬೇಡಿ. ಹಳೆ ಸೈಲೆನ್ಸರ್‌ನ ಅತ್ಯುತ್ತಮಕ್ಕೆ ಹೊಸ ಸೈಲೆನ್ಸರ್‌ನ ಅತ್ಯುತ್ತಮ ಹೋಲಿಸಿ. ಒಂದೇ ಸ್ಕ್ರೂ ಜಾಗದಲ್ಲಿ ಎರಡನ್ನೂ ಇಟ್ಟು ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಕೆಲಸಕ್ಕೆ ತಗೊಂಡು ಹೋಗುವಾಗ ಮತ್ತೆ ಸ್ವಲ್ಪ ರಿಚ್ ಕಡೆಗೆ ಬಿಡಿ.

ತಾನೇ ಮಿಕ್ಸ್ಚರ್ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಕಾರ್ಬೊರೇಟರ್ ಇರುವವರಿಗೆ ಇದು ಅನ್ವಯಿಸಲ್ಲ. ಅದು ಲೋಡ್‌ನಲ್ಲಿ ಕಲಿಯಲು ಹೊತ್ತು ತಗೊಳ್ಳುತ್ತದೆ. ಮೂರು ಸೆಕೆಂಡ್ ಓಟದಲ್ಲಿ ಏನೂ ಕಲಿಯಲ್ಲ.

ನೀರಿನ ಬ್ರೇಕ್ ಕೇಳಿದ್ದಿರಿ. 1877ರಲ್ಲಿ ವಿಲಿಯಂ ಫ್ರೂಡ್ ಹಡಗಿನ ಎಂಜಿನ್ ಅಳೆಯಲು ಮಾಡಿದ ಉಪಾಯ, ಈಗಲೂ ಅದಕ್ಕೆ ಸಾಟಿ ಇಲ್ಲ. ಅದರಲ್ಲಿ ಎಂಜಿನ್ನನ್ನು 9000 ಆರ್‌ಪಿಎಂನಲ್ಲೇ ನಿಲ್ಲಿಸಿ, ಸ್ಕ್ರೂ ತಿರುಗಿಸುತ್ತಾ ಟಾರ್ಕ್, ಅಂದರೆ ತಿರುಗಿಸುವ ಬಲ, ಏರುವುದು ಇಳಿಯುವುದು ನೋಡಬಹುದು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. 3.5 ಕಿಲೋವ್ಯಾಟ್, 9500 ಆರ್‌ಪಿಎಂ ಅಂದರೆ ಟಾರ್ಕ್ ಬರೀ 3.5 ನ್ಯೂಟನ್ ಮೀಟರ್. ಕಾಲು ಮೀಟರ್ ತೋಳಿನ ತುದಿಯಲ್ಲಿ ಒಂದೂವರೆ ಕೆಜಿಗಿಂತ ಕಡಿಮೆ ಒತ್ತಡ. ಒತ್ತಡ ಅಳೆಯುವ 5 ಕೆಜಿ ಲೋಡ್ ಸೆಲ್ ಸಾಕು. ಆದರೆ ಒಂಟಿ ಸಿಲಿಂಡರ್ ನಡುಕಕ್ಕೆ ಆ ತೋಳು ಕುಣಿಯುತ್ತದೆ, ಡ್ಯಾಂಪರ್ ಬೇಕು. ನೀರಿನ ಬಿಸಿ 40 ಡಿಗ್ರಿಯಷ್ಟು ಏರಲು ಬಿಟ್ಟರೂ ನಿಮಿಷಕ್ಕೆ ಒಂದೂಕಾಲು ಲೀಟರ್ ಹರಿಯುತ್ತಲೇ ಇರಬೇಕು. ಕಟ್ಟುವ ಹುಮ್ಮಸ್ಸಿದ್ದರೆ ಕಟ್ಟಿ. ಎರಡು ಸೈಲೆನ್ಸರ್ ಹೋಲಿಸಲು ನಿಮ್ಮ ಚಕ್ರವೇ ಸಾಕು.

ಗರಗಸಿಗ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೇ ಮಾಡಿದೆ. ಹಳೆ ಸೈಲೆನ್ಸರ್ ಒಂದನ್ನು ಹೊಂದಿಸಿಕೊಂಡು, ಒಂದೇ ಸಂಜೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹಳೆಯದು, ತೆರೆದದ್ದು, ಮತ್ತೆ ಹಳೆಯದು. ಪ್ರತಿಯೊಂದಕ್ಕೂ ಎಚ್ ಸ್ಕ್ರೂ ಬೇರೆಯಾಗಿ ಹೊಂದಿಸಿ. ತೆರೆದದ್ದಕ್ಕೆ ಹಳೆಯದಕ್ಕಿಂತ ಕಾಲು ಸುತ್ತು ಜಾಸ್ತಿ ಬಿಚ್ಚಬೇಕಾಯಿತು.

ಚಕ್ರ 2000ದಿಂದ 3500ಕ್ಕೆ ಏರಿದ ಸಮಯ: ಹಳೆಯದು 2.91 ಸೆಕೆಂಡ್, ತೆರೆದದ್ದು 2.74, ಮತ್ತೆ ಹಳೆಯದು 2.93. ರೇಸ್ ಬಿಟ್ಟು ಇಳಿಯಲು 75 ಸೆಕೆಂಡ್, ಅಂದರೆ ನಷ್ಟ 113 ವ್ಯಾಟ್. ಅದನ್ನೂ ಸೇರಿಸಿದರೆ 3.02, 3.20, 3.00 ಕಿಲೋವ್ಯಾಟ್. ಸೈಲೆನ್ಸರ್‌ಗೆ ಶೇಕಡಾ 6ರ ಏರಿಕೆ. ಹಳೆಯದರ ಎರಡು ಅಂಕಿಗಳ ನಡುವೆ ಶೇಕಡಾ 1 ಕೂಡ ಇಲ್ಲ, ಹಾಗಾಗಿ ಈ 6ನ್ನು ನಂಬುತ್ತೇನೆ.

ಪ್ಯಾಕಿಂಗ್ ಕಥೆ ಮಾತ್ರ ವಿಚಿತ್ರ. ವಾಪಸ್ ಹಾಕಿ ಅಳೆದೆ. ಹತ್ತು ಸುತ್ತಿನ ಲೆಕ್ಕದಲ್ಲಿ ಗ್ರಾಫ್ ಈಗ ನೆಟ್ಟಗೆ ಬರುತ್ತಿದೆ. ಪ್ಯಾಕಿಂಗ್ ಇಲ್ಲದಿದ್ದರೆ 8500 ಆರ್‌ಪಿಎಂ ಕೆಳಗೆ ಸ್ಪಷ್ಟ ಏರಿಕೆ ಇದೆ. ಮೇಲೆ ಏನೂ ಇಲ್ಲ, 10,000 ದಾಟಿದ ಮೇಲೆ ಕೂದಲೆಳೆ ಕಡಿಮೆಯೇ. ಕಂಪ್ರೆಷನ್ ಜಾಸ್ತಿಯಾದರೆ ಎಲ್ಲ ಕಡೆ ಏರಬೇಕಲ್ವಾ?

ಲೇತ್‌ಮನೆ:

ಕಂಪ್ರೆಷನ್ ಒಂದೇ ಬದಲಾಗಿದ್ದರೆ ಹೌದು. ಆದರೆ ನೀವು ಸಿಲಿಂಡರನ್ನೇ ಅರ್ಧ ಮಿ.ಮೀ. ಇಳಿಸಿದ್ದೀರಿ. ಅದರ ಜೊತೆ ಹೊಗೆ ಹೋಗುವ ಪೋರ್ಟೂ ಇಳಿಯಿತು. ಈ ಅಳತೆಯ ಎಂಜಿನ್‌ನಲ್ಲಿ ಅರ್ಧ ಮಿ.ಮೀ. ಅಂದರೆ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಒಂದೂವರೆಯಿಂದ ಎರಡು ಡಿಗ್ರಿ. ಪೋರ್ಟ್ ಅಷ್ಟು ತಡವಾಗಿ ತೆರೆಯುತ್ತದೆ, ಅಷ್ಟೇ ಬೇಗ ಮುಚ್ಚುತ್ತದೆ. ಕೆಳಗಿನ ವೇಗದಲ್ಲಿ ಇದು ಲಾಭ. ಮೇಲಿನ ವೇಗದಲ್ಲಿ ಹೊಗೆ ಹೊರಗೆ ಹೋಗಲು ಪುರುಸೊತ್ತು ಸಿಗಲ್ಲ. ಕಂಪ್ರೆಷನ್ ಕೊಟ್ಟದ್ದನ್ನು ಪೋರ್ಟ್ ವಾಪಸ್ ತಗೊಂಡಿತು. ಕ್ರ್ಯಾಂಕ್‌ಗೆ ಕೋನ ಅಳೆಯುವ ಡಿಗ್ರಿ ವೀಲ್ ಕಟ್ಟಿ ಅಳೆದು, ಪೋರ್ಟ್ ಮೇಲಂಚನ್ನು ಆ ಅರ್ಧ ಮಿ.ಮೀ. ಅರದಿಂದ ಎತ್ತಿದರೆ ಮೇಲೂ ಬರುತ್ತದೆ. ಆದರೆ ಅಲ್ಲಿನ ಲೇಪ ಎದ್ದರೆ ಸಿಲಿಂಡರ್ ಕಥೆ ಮುಗಿಯಿತು. ಅಂಚನ್ನು ಮೆತ್ತಗೆ ಇಳಿಜಾರು ಮಾಡದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ನಾನಾಗಿದ್ದರೆ ಅರ ಹಿಡಿಯುವ ಮುಂಚೆ ಸ್ಪ್ರಾಕೆಟ್ ಬದಲಿಸಿ ನೋಡುತ್ತಿದ್ದೆ. 3/8 ಇಂಚಿನ ಪಿಚ್, ಅಂದರೆ ಚೈನ್ ಕೀಲುಗಳ ಸರಾಸರಿ ಅಂತರ, ಇದ್ದರೆ 7 ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತಿಗೆ 133 ಮಿ.ಮೀ. ಚೈನ್ ಎಳೆಯುತ್ತದೆ, 8 ಹಲ್ಲಿನದು 152. ನಿಮ್ಮ ಪವರ್ ಈಗ 9000ದ ಆಸುಪಾಸಿಗೆ ಬಂದು ಕೂತಿದೆ. ಅಲ್ಲಿ 8 ಹಲ್ಲು ಹಾಕಿದರೆ ಚೈನ್ ಸೆಕೆಂಡಿಗೆ ಸುಮಾರು 23 ಮೀಟರ್ ಓಡುತ್ತದೆ. 7 ಹಲ್ಲಿನಲ್ಲಿ ಅಷ್ಟು ಬೇಕಾದರೆ ಎಂಜಿನ್ 10,300ರಲ್ಲಿ ಕೂಗುತ್ತಿರಬೇಕು. ಸಣ್ಣ ಬಾರ್ ಹಾಕಿ ಮೆತ್ತನೆ ಮರ ಕೊಯ್ಯುವುದಾದರೆ 8. ಉದ್ದ ಬಾರ್, ಗಟ್ಟಿ ಮರ ಅಂದರೆ 7ರಲ್ಲೇ ಇರಲಿ.

ದಿಮ್ಮಿಕೊಯ್ಲು:

ಆ 8 ಹಲ್ಲಿನದನ್ನು ಹಾಕಿ ಕೊಯ್ದ ಸಮಯ ದಯವಿಟ್ಟು ಹಾಕಿ. ಈ ಸಲವಾದರೂ ಚಚ್ಚೌಕ ದಿಮ್ಮಿಯಲ್ಲಿ!